ಟಿವಿ ಎಡಕ್ಕ, ಜೋಕಾಲಿ ಹಿಂದಕ್ಕ

ಇಟ್ಟ ವಸ್ತು ಇಟ್ಟಲ್ಲೇ ಇರಬೇಕು ಎಂದು ಹಟ ಹಿಡಿಯುವವನು ನಾನು. ಎಲ್ಲಿಟ್ಟೆ ಎಂಬುದು ಮಾತ್ರ ನೆನಪಿರುವುದಿಲ್ಲ. ಒಮ್ಮೆ ಸ್ಕೂಟರ್ ಕೀಲಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಮನೆಯವರನ್ನೆಲ್ಲ ಬೈದಾದ ಮೇಲೆ ಇಟ್ಟವನು ನಾನೇ ಎಂದು ಗೊತ್ತಾಯಿತು. ಹೀಗಾಗಿ ನೆನಪಿನ ಶಕ್ತಿ ಇದ್ದವರನ್ನು ಕಂಡರೆ ನನಗೆ ಬಹಳ ಗೌರವ. ಅದರಲ್ಲಿ ಮೊದಲ ಪಾಲು ಹೆಂಡತಿ ಗಂಗಾಳಿಗೆ, ಎರಡನೆಯದು ಲ್ಯಾಪ್‌ಟಾಪಿಗೆ.

ನಾನು ಅಣ್ಣಿಗೇರಿಯವನು, ಹೈಸ್ಕೂಲಿನ ಗಣಿತ ಮಾಸ್ತರ. ಶಾಲೆಯಲ್ಲಿ ಲ್ಯಾಪ್‌ಟಾಪಿನ ಬಲಕ್ಕೆ ಹಳೆಯದೊಂದು ಮಾನಿಟರ್ ಇದೆ. ಮನೆಯಲ್ಲಿ ಎಡಗಡೆಯ ಟಿವಿಯೇ ಎರಡನೆಯ ಪರದೆ. ಜಾಗ ಬದಲಾದಾಗಲೆಲ್ಲ ಯಾವ ಪರದೆ ಯಾವ ಕಡೆ ಎಂದು ಲ್ಯಾಪ್‌ಟಾಪಿಗೆ ಹೊಸದಾಗಿ ಹೇಳಿಕೊಡಬೇಕಿತ್ತು. ನನ್ನ ಪಾಡು ನೋಡಲಾರದೆ ಡ್ರಾಯಿಂಗ್ ಮಾಸ್ತರು ಒಂದು ಸಣ್ಣ ಸಾಫ್ಟ್‌ವೇರ್ ಹಾಕಿ, ಎರಡೂ ಜೋಡಣೆಗಳನ್ನು ‘ಸಾಲಿ’, ‘ಮನಿ’ ಎಂದು ಹೆಸರಿಟ್ಟು ಉಳಿಸಿಕೊಟ್ಟರು. “ಇನ್ನ ಒಂದ ಗುಂಡಿ ಒತ್ತಿದ್ರ ಮುಗೀತ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ” ಎಂದರು. ಒತ್ತಿದೆ. ಪರದೆಗಳು ತಮ್ಮ ತಮ್ಮ ಜಾಗ ಹಿಡಿದು ಹಾಜರಾದವು. ಇಷ್ಟು ವಿಧೇಯ ವಿದ್ಯಾರ್ಥಿಯನ್ನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ.

ಆ ಹೊತ್ತಿಗೇ ತಾಲೂಕಿನ ಮಾಸ್ತರರಿಗೆಲ್ಲ ಮನೆಯಿಂದ ಆನ್‌ಲೈನ್ ಮಾದರಿ ಪಾಠ ಮಾಡುವ ಸರದಿ ನನಗೆ ಬಂತು. ಹಿಂದಿನ ಸಲ ಪಾಠದ ಪರದೆ ಬಿಟ್ಟು ನನ್ನ ಟಿಪ್ಪಣಿಯ ಪರದೆ ತೋರಿಸಿಬಿಟ್ಟಿದ್ದೆ. ಅದರಲ್ಲಿ ‘ಇಲ್ಲಿ ಜೋಕು ಹೇಳಿ ನಗುವುದು’ ಎಂದಿತ್ತು. ನಾನು ಜೋಕು ಹೇಳುವ ಮೊದಲೇ ಎಲ್ಲರೂ ನಕ್ಕಿದ್ದರು. ಈ ಸಲವಾದರೂ ಮರ್ಯಾದೆ ಉಳಿಯಬೇಕಿತ್ತು.

ಆದರೆ ಅದು ನಾಗರ ಪಂಚಮಿಯ ವಾರ. ತಂಗಿ ನೀಲವ್ವ ಕುಬಿಹಾಳದಿಂದ ತವರಿಗೆ ಬಂದಿದ್ದಳು. ಪಡಸಾಲೆಯ ತೊಲೆಗೆ ಜೋಕಾಲಿ ಬಿದ್ದಿತ್ತು. ಅದರ ಹಾದಿಗೆ ಅಡ್ಡ ಬರುತ್ತದೆಂದು ಗಂಗಾ ಟಿವಿಯನ್ನು ಎಡಗೋಡೆಯಿಂದ ಬಲಗೋಡೆಗೆ ಸಾಗಿಸಿದ್ದಳು. ಮನೆಯ ಜೋಡಣೆಗಳೆಲ್ಲ ಅವಳಿಗೆ ಬಾಯಿಪಾಠ: ಪಂಚಮಿಗೊಂದು, ಬೀಗರು ಬಂದರೊಂದು, ಹೆಸರುಕಾಳು ಹರವಲು ಇನ್ನೊಂದು. ಗುಂಡಿಯೂ ಬೇಕಿಲ್ಲ.

ಪಾಠಕ್ಕೆ ಕುಳಿತೆ. ಮೌಸ್ ಎಡಕ್ಕೆ ಎಳೆದರೆ ಬಾಣ ಬಲಗಡೆಯ ಟಿವಿಯಲ್ಲಿ ಏಳುತ್ತಿತ್ತು. ಲ್ಯಾಪ್‌ಟಾಪಿನ ಪಾಲಿಗೆ ಟಿವಿ ಇನ್ನೂ ಎಡಕ್ಕೇ ಇತ್ತು. ಡ್ರಾಯಿಂಗ್ ಮಾಸ್ತರು ಫೋನು ಎತ್ತಲಿಲ್ಲ. ಬೇರೆ ಏನೂ ಮುಟ್ಟಬೇಡಿ ಎಂದಿದ್ದರಿಂದ ನಾನೇ ಬದಲಿಸಲು ಧೈರ್ಯ ಬರಲಿಲ್ಲ.

“ಜೋಕಾಲಿ ಬಿಚ್ಚಿ ಟಿವಿ ಹೊಳ್ಳಿ ಅಲ್ಲೇ ಇಡೂಣು” ಎಂದೆ.

“ವರ್ಷಕ್ಕೊಮ್ಮೆ ಬಂದೇನಿ. ಬಿಚ್ಚಿದ್ರ ನೋಡಣ್ಣಾ ಮತ್ತ!” ಎಂದು ನೀಲವ್ವ ಹಗ್ಗ ಬಿಗಿಹಿಡಿದಳು.

ಗಂಗಾ ಒಲೆಯ ಕಡೆಯಿಂದ ಬಂದು, “ಟಿವಿ ನಿಮ್ಮ ಎಡಕ್ಕ ಇರಬೇಕು, ಹೌದಿಲ್ರಿ? ಹಂಗಾರ ನೀವ ಮೇಜಿನ ಈ ಕಡಿ ಬಂದು, ಗ್ವಾಡಿಗೆ ಮಾರಿ ಮಾಡಿ ಕುಂಡ್ರರಿ. ಅದು ತಾನ ಎಡಕ್ಕ ಬರತೈತಿ” ಎಂದಳು.

ಲ್ಯಾಪ್‌ಟಾಪನ್ನೂ ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕುಳಿತೆ. ಟಿವಿ ಎಡಕ್ಕೆ ಬಂತು, ಬಾಣ ಹೇಳಿದ ಮಾತು ಕೇಳಿತು. ಮಕ್ಕಳಿಗೆ ಜ್ಯಾಮಿತಿ ಕಲಿಸುವ ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಹೆಂಡತಿಯನ್ನು ಮನಸ್ಸಿನಲ್ಲೇ ಕೊಂಡಾಡುತ್ತ ವೃತ್ತದ ಕಂಸದ ಮೇಲೆ ಪಾಠ ಶುರು ಮಾಡಿದೆ. ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ಅಂಥ ತನ್ಮಯತೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಪಾಠ ಮುಗಿದಾಗ, ಅದನ್ನು ನೋಡುತ್ತಿದ್ದ ಶಿಕ್ಷಣ ಇಲಾಖೆಯ ಸಾಹೇಬರು, “ಅಗದಿ ಛಲೋ ಆತ್ರಿ ಮಾಸ್ತರ! ಕಂಸ ತೋರ್ಸಾಕ ಹಿಂದ ಜೋಕಾಲಿ ಕಟ್ಟಿಸೀರಲ್ಲ, ಏನ್ ತಲಿರೀ ನಿಮ್ದು!” ಎಂದರು. ಹೊರಳಿ ನೋಡಿದೆ. ಮೊದಲು ನನ್ನ ಬೆನ್ನಿಗೆ ಇರುತ್ತಿದ್ದದ್ದು ಬರೀ ಗೋಡೆ. ಈಗ ಅಲ್ಲಿ ನೀಲವ್ವ ಸೆರಗು ಸಿಕ್ಕಿಸಿಕೊಂಡು ಈ ತುದಿಯಿಂದ ಆ ತುದಿಗೆ ಕಂಸ ಬರೆದ ಹಾಗೆ ಜೀಕುತ್ತಿದ್ದಳು. ನಾನು ವಿನಯದಿಂದ ತಲೆ ಬಾಗಿಸಿ ಹೊಗಳಿಕೆಯನ್ನು ಸ್ವೀಕರಿಸಿದೆ.

ಈ ಜೋಡಣೆಯನ್ನು ‘ಪಂಚಮಿ’ ಎಂದು ಉಳಿಸಿಕೊಂಡೆ. ‘ಮನಿ’ಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ, ಆದರೂ ಉಳಿಸಿದೆ. ಮುಂದಿನ ತಿಂಗಳು ಸಾಹೇಬರು ಫೋನು ಮಾಡಿ, ಕುಂದಗೋಳದವರಿಗೂ ಅದೇ ಪಾಠ ಮಾಡಬೇಕೆಂದರು. ಗುಂಡಿ ಒತ್ತಿದೆ. ಪರದೆಗಳು ಬಂದವು. ತೊಲೆ ಮಾತ್ರ ಬರಿದಾಗಿತ್ತು, ತಂಗಿ ಗಂಡನ ಮನೆ ಸೇರಿದ್ದಳು.

“ಜೋಕಾಲಿ ಕಟ್ಟಿ ಕೊಡ್ತೀಯೇನ?” ಎಂದು ಗಂಗಾಳನ್ನು ಕೇಳಿದೆ.

“ಕಟ್ಟತೇನ್ರಿ” ಎಂದಳು. “ಆದ್ರ ಅದರಾಗ ನೀವ ಕುಂಡ್ರರಿ. ಪಾಠ ಯಾರರ ಹೇಳ್ತಾರ.”