ಓಸೆಯ ಹಾಡಿಗೆ ಹೊಸ ಅಕ್ಷರ

"ಓಸೆಯ ಹಾಡು ಅಚ್ಚಾಗೋದಾದ್ರೆ ನನ್ನ ಯಂತ್ರದಲ್ಲೇ, ನನ್ನ ಕೈಯಿಂದಲೇ ಆಗ್ಬೇಕು. ಅದೂ ಎಂಥ ಅಕ್ಷರದಲ್ಲಿ ಅಂತೀಯ? ಪಾದ್ರಿ ತನ್ನ ಬೈಬಲ್ ಮುಚ್ಚಿಟ್ಟು ಇದನ್ನೇ ನೋಡ್ತಾ ಕೂತ್ಕೋಬೇಕು!"

ಎಬ್ಬೆ ಹೀಗೆ ಘೋಷಿಸಿದ್ದು ಅಡುಗೆಮನೆಯಲ್ಲಿ, ಸತ್ತುಹೋದ ಹೆಂಡತಿ ಓಸೆಯ ಅಕ್ಕ ಗುಡ್ರುನ್ ಎದುರಿಗೆ. ಮರುದಿನ ಮಣ್ಣಾದ ಮೇಲೆ ಊರವರಿಗೆ ಕೊಡುವ ಕಾಫಿಗೆಂದು ಬನ್ನಿನ ಹಿಟ್ಟು ನಾದುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ.

"ನಾಳೆ ಮಧ್ಯಾಹ್ನ ಮಣ್ಣು, ಎಬ್ಬೆ. ಓಸೆಯ ಟೈಪ್‌ರೈಟರ್ ಬೀರು ಮೇಲೇ ಇದೆ. ಇಳಿಸಿಕೊಡು, ನಾನೇ ಒಂದು ಪ್ರತಿ ಕುಟ್ಟಿಬಿಡ್ತೀನಿ. ಲೈಬ್ರರಿಯಲ್ಲಿ ನಕಲು ತೆಗೆಸಿದ್ರಾಯ್ತು."

"ಆ ಕುಟ್ಟೋದನ್ನ ತಪ್ಪಿಸ್ತೀನಿ ಅಂತಲೇ ಅವಳಿಗೆ ಮಾತು ಕೊಟ್ಟಿದ್ದೆ."

"ಯಾವಾಗ?"

ಎಬ್ಬೆ ಓದುವ ಕೋಣೆಗೆ ಹೋದ. ಮಾತು ಕೊಟ್ಟು ಬಹಳ ಕಾಲವಾಗಿತ್ತು.

ಫ್ಯೂನ್ ದ್ವೀಪದ ಆ ಊರಿನಲ್ಲಿ ಯಾವ ಸಮಾರಂಭವಾದರೂ ತಟ್ಟೆಯ ಪಕ್ಕದಲ್ಲಿ ಒಂದು ಹಾಡಿನ ಹಾಳೆ ಇರಲೇಬೇಕು. ಎಲ್ಲರಿಗೂ ಗೊತ್ತಿರುವ ಧಾಟಿಗೆ ಹೊಸ ಮಾತು ಕಟ್ಟಿ, ಮನೆಯವರ ಗುಟ್ಟುಗಳನ್ನು ಅದರಲ್ಲಿ ತುರುಕಿ, ಬಂದವರೆಲ್ಲ ಒಟ್ಟಿಗೆ ಹಾಡುತ್ತಾರೆ. ಊರಿಗೆಲ್ಲ ಹಾಡು ಕಟ್ಟಿಕೊಡುತ್ತಿದ್ದವಳು ಓಸೆ. ಕಟ್ಟಿ, ತನ್ನ ಹಳೆಯ ಟೈಪ್‌ರೈಟರಿನಲ್ಲಿ ಟಕಟಕ ಕುಟ್ಟಿ, ಮನೆಮನೆಗೆ ತಾನೇ ತಲುಪಿಸುತ್ತಿದ್ದಳು. ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿ ತನ್ನ ಮಣ್ಣಿನ ದಿನದ ಕಾಫಿಗೂ ಒಂದು ಹಾಡು ಹೇಳಿ ಎಬ್ಬೆಯಿಂದ ಬರೆಸಿದಳು. "ಸುಲಭದ ಧಾಟಿ ಇಟ್ಟಿದ್ದೀನಿ. ಯಾರೂ ಬಾಯಿ ಮುಚ್ಕೊಂಡು ಅಳ್ತಾ ಕೂರಬಾರದು" ಎಂದಿದ್ದಳು. ಹೇಳುವಾಗ ನಗುತ್ತಿದ್ದಳು.

ಎಬ್ಬೆ ಡೇರಿಯ ಕಛೇರಿಯಿಂದ ನಿವೃತ್ತನಾದ ವರ್ಷ ಒಂದು ಕಂಪ್ಯೂಟರನ್ನೂ ಲೇಸರ್ ಪ್ರಿಂಟರನ್ನೂ ಮನೆಗೆ ತಂದಿದ್ದ. ಊರಿಗೆ ಆನೆ ಬಂದಷ್ಟು ಸಂಭ್ರಮ. "ಇನ್ನು ನಿನ್ನ ಹಾಡೆಲ್ಲ ಪುಸ್ತಕದ ಹಾಗೆ ಬರುತ್ತೆ ನೋಡು" ಎಂದು ಗುಂಡಿ ಒತ್ತಿದ. ಬಂದದ್ದು ಟೈಪ್‌ರೈಟರಿನ ಅಕ್ಷರ! ಆ ಯಂತ್ರಕ್ಕೆ ಹುಟ್ಟಿನಿಂದ ಗೊತ್ತಿದ್ದದ್ದು ಅದೊಂದೇ. ಓಸೆ ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟಳು. "ಎಬ್ಬೆ, ಹಂದಿಗೂಡಿನಂಥ ಪೆಟ್ಟಿಗೆ ತಂದು ನನ್ನ ಅಕ್ಷರಾನೇ ಹೊಡೆಸ್ತಾ ಇದ್ದೀಯಲ್ಲೋ ಪುಣ್ಯಾತ್ಮ."

ಮಾನ ಹೋದ ಎಬ್ಬೆ ಕೋಪನ್‌ಹೇಗನ್ನಿನಿಂದ ಹೊಸ ಅಕ್ಷರಗಳ ಫ್ಲಾಪಿಗಳನ್ನು ತರಿಸಲು ಬರೆದ. ಅವು ಬರುವ ಮೊದಲೇ ಓಸೆ ಆಸ್ಪತ್ರೆ ಸೇರಿದ್ದಳು. ನೋಡಲು ಹೋದಾಗಲೆಲ್ಲ ಕೇಳುತ್ತಿದ್ದಳು, "ಬಂತಾ ನಿನ್ನ ಅಕ್ಷರ?" ಇವನು "ನಾಳೆ" ಎನ್ನುತ್ತಿದ್ದ. ಅವಳು ತೀರಿಕೊಂಡ ಮರುದಿನ ಬೆಳಗ್ಗೆ ಅಂಚೆಯವನು ಬಾಗಿಲು ತಟ್ಟಿದ. ಎಬ್ಬೆ ಪೊಟ್ಟಣವನ್ನು ಎದೆಗೊತ್ತಿಕೊಂಡು ಹೊಸ್ತಿಲಲ್ಲೇ ಅತ್ತ. ಅಂಚೆಯವನು ಸಹಿ ಕೇಳುವುದನ್ನೂ ಮರೆತು ಸೈಕಲ್ ಹತ್ತಿದ.

ಈಗ ಆ ಅಕ್ಷರಗಳನ್ನು ಪ್ರಿಂಟರಿನ ತಲೆಗೆ ತುಂಬಬೇಕಿತ್ತು. ಸೂಚನೆಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ಎಬ್ಬೆಯ ಇಂಗ್ಲಿಷ್ ಶಾಲೆಯ ಬೆಂಚಿನ ಮೇಲೇ ಉಳಿದುಹೋಗಿತ್ತು. ನಿಘಂಟು ಹಿಡಿದು ಒಂದೊಂದೇ ವಾಕ್ಯವನ್ನು ಕಡಲೆಕಾಯಿಯಂತೆ ಒಡೆದು ತಿಂದ. ದೊಡ್ಡ ಅಕ್ಷರಕ್ಕೆ ಒಂದು ಫ್ಲಾಪಿ, ಸಣ್ಣದಕ್ಕೆ ಇನ್ನೊಂದು, ಓರೆ ಅಕ್ಷರಕ್ಕೆ ಮತ್ತೊಂದು. ಒಂದನ್ನು ತಂತಿಯಲ್ಲಿ ಕಳಿಸುವಷ್ಟರಲ್ಲಿ ಒಂದು ಪೈಪು ತಂಬಾಕು ಮುಗಿಯುತ್ತಿತ್ತು. ನಡುವೆ ಪ್ರಿಂಟರು ಹೊಟ್ಟೆ ತುಂಬಿತೆಂದು ಕೆಂಪು ದೀಪ ಮಿಟುಕಿಸಿ ಮುಷ್ಕರ ಹೂಡಿತು. ಬೇಡಿ, ಬೈದು, ಓರೆ ಅಕ್ಷರವನ್ನು ಕೈಬಿಟ್ಟು, ಅಂತೂ ಕತ್ತಲಾಗುವ ಮೊದಲು ಎಲ್ಲವನ್ನೂ ತುಂಬಿ ಮುಗಿಸಿದ. ಹಿತ್ತಲಿನಲ್ಲಿ ಒಂದು ಸುತ್ತು ಹಾಕಿ, ದಿಗ್ವಿಜಯ ಮಾಡಿದವನ ಠೀವಿಯಲ್ಲಿ ಬಂದು, ಸ್ವಿಚ್ಚು ಹಾಕಿ, ಅಚ್ಚಿನ ಆಜ್ಞೆ ಕೊಟ್ಟ.

ಟೈಪ್‌ರೈಟರಿನ ಅಕ್ಷರವೇ ಬಂತು.

"ಗುಡ್ರುನ್, ಈ ಕೋಣೆಗೆ ಬಂದಿದ್ಯಾ?"

"ಬಂದಿದ್ದೆ. ಕಾಫಿ ಬಟ್ಟಲು ತಗೊಂಡೆ, ಕೋಣೆ ಮಲಗಿಸಿ ಹೋದೆ."

ಅಕ್ಕ ತಂಗಿಯರು ಹುಟ್ಟಿದ ಮನೆ ಅವರು ಚಿಕ್ಕವರಿದ್ದಾಗಲೇ ಸುಟ್ಟುಹೋಗಿತ್ತು. ಅಂದಿನಿಂದ ಇಬ್ಬರಿಗೂ ಒಂದೇ ವ್ರತ: ಕೋಣೆಯಿಂದ ಹೊರಡುವವರು ದೀಪ, ಯಂತ್ರ ಎಲ್ಲವನ್ನೂ ಆರಿಸಿ, ಕೋಣೆ ಮಲಗಿಸಿಯೇ ಹೊರಡಬೇಕು. ಓಸೆಯಂತೂ ಪ್ರತಿ ಕೋಣೆಯ ಬಾಗಿಲ ಬಳಿ ಎಲ್ಲಕ್ಕೂ ಸೇರಿ ಒಂದೇ ಸ್ವಿಚ್ಚು ಹಾಕಿಸಿದ್ದಳು. ರಾತ್ರಿ ಹಾಸಿಗೆಯಿಂದಲೇ ಕೂಗುತ್ತಿದ್ದಳು, "ಎಬ್ಬೆ, ಕೋಣೆ ಮಲಗಿಸಿದ್ಯಾ?" ಇಲ್ಲವೆಂದರೆ ಇವನು ಮತ್ತೆ ಮೆಟ್ಟಿಲಿಳಿಯಬೇಕು.

ಎಬ್ಬೆ ಪುಸ್ತಕ ತಿರುವಿದ. ಕೊನೆಗೆ ಒಂದು ಮೂಲೆಯಲ್ಲಿ ಸಿಕ್ಕಿತು: ಯಂತ್ರ ಆರಿಸಿದರೆ ತುಂಬಿದ ಅಕ್ಷರವೆಲ್ಲ ಅಳಿಸಿಹೋಗುತ್ತದೆ, ಮತ್ತೆ ಮೊದಲಿನಿಂದ ತುಂಬಬೇಕು.

"ಅಷ್ಟು ಹೊತ್ತಿನ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ನಾಳೆ ಈ ಹೊಸ್ತಿಲು ದಾಟಿದ್ರೆ ನೋಡು."

"ಸುಮ್ನೆ ಟೈಪ್‌ರೈಟರ್ ಇಳಿಸು, ಎಬ್ಬೆ."

"ಇಳಿಸಲ್ಲ."

ಮರುದಿನ ಬೆಳಗ್ಗೆ ಕೋಳಿಗಿಂತ ಮೊದಲೇ ಎದ್ದು ಮತ್ತೆ ತುಂಬಿ ಮುಗಿಸುವಷ್ಟರಲ್ಲಿ ಬಿಸಿಲೇರಿತ್ತು. ಪರೀಕ್ಷೆಗೆ ಒಂದು ಹಾಳೆ ಹೊಡೆಸಿದ. ಏನು ಅಕ್ಷರ ಅಂತೀರಿ! ಓಸೆಯ ಹೆಸರು ಹಾಳೆಯ ನೆತ್ತಿಯ ಮೇಲೆ ರಾಣಿಯ ಹಾಗೆ ನಿಂತಿತ್ತು. ಎಬ್ಬೆ ಹಾಳೆಯನ್ನು ಹಿಡಿದು ಅಡುಗೆಮನೆಗೆ ಓಡಿದ.

ಗುಡ್ರುನ್ ಕೈ ಒರೆಸಿಕೊಂಡು ಓದಿದಳು. "ಚೆನ್ನಾಗಿದೆ" ಎಂದಳು. ಅವಳ ಕಣ್ಣು ತುಂಬಿತ್ತು. "ಅವಳು ನೋಡ್ಬೇಕಿತ್ತು."

ಇಬ್ಬರೂ ಒಂದು ಬಟ್ಟಲು ಕಾಫಿ ಕುಡಿದರು. ಎಬ್ಬೆ ಆ ಹಾಳೆಯನ್ನು ಮಡಿಸಿ ಕರಿ ಕೋಟಿನ ಕಿಸೆಗೆ ಸೇರಿಸಿದ. ಕೋಣೆಗೆ ಹೋಗಿ, ಸ್ವಿಚ್ಚು ಹಾಕಿ, ಊರಿಗಾಗುವಷ್ಟು ಪ್ರತಿಗೆ ಆಜ್ಞೆ ಕೊಟ್ಟು ಗಡ್ಡ ಹೆರೆಯಲು ಹೋದ. ಯಂತ್ರ ಗುರುಗುಟ್ಟುತ್ತ ಹಾಳೆ ಉಗುಳುವುದು ಸ್ನಾನದ ಮನೆಗೂ ಕೇಳುತ್ತಿತ್ತು. ಇಗರ್ಜಿಯ ಗಂಟೆ ಬಾರಿಸುವ ಹೊತ್ತಿಗೆ ಬಂದು ಕಟ್ಟು ಎತ್ತಿಕೊಂಡರೆ, ಮೇಲಿನಿಂದ ಕೆಳಗಿನ ತನಕ ಟೈಪ್‌ರೈಟರಿನ ಅಕ್ಷರ.

"ಗುಡ್ರುನ್! ಮತ್ತೆ ಬಂದ್ಯಾ ಇಲ್ಲಿಗೆ?"

ಕರಿ ಟೋಪಿಗೆ ಸೂಜಿ ಚುಚ್ಚುತ್ತಿದ್ದ ಗುಡ್ರುನ್ ಬಾಗಿಲಲ್ಲಿ ನಿಂತಳು. "ನಾನು ಅಡುಗೆಮನೆ ಬಿಟ್ಟು ಅಲ್ಲಾಡಿಲ್ಲ. ನೀನು ಕಾಫಿ ಕುಡಿದು ವಾಪಸ್ ಬಂದಾಗ ಇಲ್ಲಿ ದೀಪ ಉರೀತಿತ್ತಾ?"

"ಇಲ್ಲ. ನಾನೇ ಸ್ವಿಚ್ಚು..." ಎಂದ ಎಬ್ಬೆ, ಅಲ್ಲಿಗೇ ನಿಲ್ಲಿಸಿದ.

ಹಾಳೆ ಹಿಡಿದು ಓಡುವಾಗ ಎಡಗೈ ತನ್ನ ಪಾಡಿಗೆ ತಾನು ಬಾಗಿಲ ಪಕ್ಕಕ್ಕೆ ಹೋಗಿ ಕೋಣೆ ಮಲಗಿಸಿತ್ತು. ಕೂಗಿ ಕೇಳುವವಳು ಇರಲಿಲ್ಲ. ಆ ಕೈಗೆ ಸುದ್ದಿ ಇನ್ನೂ ತಲುಪಿರಲಿಲ್ಲ.

ಮತ್ತೆ ತುಂಬಲು ಹೊತ್ತಿರಲಿಲ್ಲ. ಅವನು ಕುರ್ಚಿಯ ಮೇಲೆ ಕುಸಿದ. "ಕೊನೇದನ್ನಾದ್ರೂ ಮಾಡ್ಕೊಡೋಕೆ ಆಗ್ಲಿಲ್ಲ ನನ್ನ ಕೈಲಿ."

"ಏಳು" ಎಂದಳು ಗುಡ್ರುನ್ ಮೆಲ್ಲಗೆ. "ಅವಳನ್ನ ಕಾಯಿಸಬಾರದು."

ಮಣ್ಣಾಯಿತು. ಊರಿನ ಸಭಾಭವನದಲ್ಲಿ ಕಾಫಿ, ಬನ್ನು ಹಂಚಿದರು. ಎಬ್ಬೆ ತಪ್ಪು ಮಾಡಿದ ಹುಡುಗನಂತೆ ತಲೆ ತಗ್ಗಿಸಿಕೊಂಡು ಎಲ್ಲರ ತಟ್ಟೆಯ ಪಕ್ಕ ಹಾಳೆ ಇಟ್ಟುಕೊಂಡು ಹೋದ. ಹಾಳೆ ಎತ್ತಿಕೊಂಡವರು ಒಬ್ಬೊಬ್ಬರಾಗಿ ಆ ಅಕ್ಷರದ ಮೇಲೆ ಬೆರಳಾಡಿಸಿದರು. ಇಗರ್ಜಿಯಲ್ಲಿ ಆರ್ಗನ್ ನುಡಿಸುವ ಮುದುಕ ಟೋರ್ವಾಲ್ಡ್ ಇಲ್ಲಿಯ ಪಿಯಾನೋ ಮುಟ್ಟಿದ. ಎಲ್ಲರೂ ಹಾಡಿದರು. ಓಸೆ ತನ್ನ ಕುಂಟು ಬೆಕ್ಕಿನಿಂದ ಹಿಡಿದು ಎಬ್ಬೆಯ ಹಂದಿಗೂಡಿನಂಥ ಪೆಟ್ಟಿಗೆಯವರೆಗೆ ಯಾರನ್ನೂ ಬಿಟ್ಟಿರಲಿಲ್ಲ. ಜನ ನಗುತ್ತ ಅಳುತ್ತ ಕೊನೆಯ ಸಾಲಿಗೆ ಬಂದರು:

ಕೊನೆಗೆ ಹೊರಡೋರು ಯಾರೇ ಇರಲಿ,
ಕೋಣೆ ಮಲಗಿಸಿ ಹೋಗಲಿ.

ಎಬ್ಬೆ ಕಿಸೆಯಿಂದ ಆ ರಾಣಿ ಅಕ್ಷರದ ಹಾಳೆ ತೆಗೆದು ನೋಡಿದ. ಯಾರದೋ ಹಾಡಿನಂತೆ ಕಂಡಿತು. ಮಡಿಸಿ ಒಳಗಿಟ್ಟ.

ಟೋರ್ವಾಲ್ಡ್ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಎಬ್ಬೆ, ಆ ನಿನ್ನ ಪೆಟ್ಟಿಗೆಯಲ್ಲಿ ಹೊಡೆಸಿ ಎಲ್ಲಿ ಹಾಳು ಮಾಡ್ತೀಯೋ ಅಂತ ನನಗೆ ಹೆದರಿಕೆ ಇತ್ತು ಕಣೋ. ಅವಳ ಟೈಪ್‌ರೈಟರಲ್ಲೇ ಕುಟ್ಟಿದ್ದೀಯ. ಹಾಳೆ ತಗೊಂಡಾಗ ಓಸೆಯೇ ಬಂದು ಕೊಟ್ಟ ಹಾಗಾಯ್ತು."

ಎಬ್ಬೆ ಬಾಯಿ ತೆರೆದ. ಗುಡ್ರುನ್ ಅವನ ಕಾಲು ತುಳಿದಳು. "ಬೆಳಗ್ಗೆಯಿಂದ ಒಂದೊಂದೇ ಕುಟ್ಟಿದ್ದಾನೆ, ಟೋರ್ವಾಲ್ಡ್. ಬೆರಳು ನೋಡು, ಹೇಗೆ ಊದಿದೆ."

ಜನ ಕರಗಿದರು. ಖಾಲಿ ಭವನದಲ್ಲಿ ಎಬ್ಬೆ ಕಾಲು ಸವರಿಕೊಳ್ಳುತ್ತ ಕೂತಿದ್ದ.

"ನಿಜ ಹೇಳ್ಬೇಕು ಅನ್ನಿಸ್ತಾ?" ಎಂದಳು ಗುಡ್ರುನ್.

"ಏನಂತ ಹೇಳಲಿ? ನನ್ನ ಕೈ ಹಿಡ್ಕೊಂಡು ಸ್ವಿಚ್ಚು ಒತ್ತಿಸಿದವಳು ಅವಳೇ. ಈ ಸಲಾನೂ ಅವಳ ಅಕ್ಷರಾನೇ ಗೆದ್ದಿತು."

ಗುಡ್ರುನ್ ಕೋಟು ಹಾಕಿಕೊಂಡು ಬಾಗಿಲಿಗೆ ಹೋಗಿ, ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದಳು. "ಬಾ. ಹಾಡಿನಲ್ಲಿ ಏನು ಹೇಳಿದ್ದಾಳೆ, ಕೇಳಿಸ್ತಲ್ಲ?"

"ಕೇಳಿಸ್ತು" ಎಂದ ಎಬ್ಬೆ. "ಮದುವೆ ಆದಾಗಿನಿಂದ ಇದೊಂದು ಸಲ ಅವಳ ಮಾತು ಮೀರ್ತೀನಿ. ಸ್ವಲ್ಪ ಹೊತ್ತು ಉರೀಲಿ, ಬಿಡು."