ಕೌದಿ ಮುಗಿಯುವ ತನಕ ನಿಲ್ಲಲಾರದ ವೈರ್‌ಲೆಸ್ ಸಾಹೇಬರಿಗೆ

ನನ್ನ ಕ್ಯಾಮೆರಾಕ್ಕೂ ಮೊಬೈಲಿಗೂ ನಡುವೆ ಕಣ್ಣಿಗೆ ಕಾಣದಂತೆ ವಾಸವಾಗಿರುವ ಮಾನ್ಯ ವೈರ್‌ಲೆಸ್ ಸಂಪರ್ಕದವರೇ,

ತಾವರಗೇರಾದಲ್ಲಿ ಫೋಟೊ ಸ್ಟುಡಿಯೊ ನಡೆಸುವ ಭವಾನಿಯ ಅನಂತ ನಮಸ್ಕಾರಗಳು. ತಾವು ಈ ಕ್ಷಣ ಸಂಪರ್ಕದಲ್ಲಿದ್ದೀರೋ ಇಲ್ಲವೋ ತಿಳಿಯದ ಕಾರಣ, ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಸರ್ದಾರಬೀ ಅಮ್ಮನವರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಐವತ್ತು ವರ್ಷಗಳಿಂದ ಕೌದಿ ಹೊಲಿಯುತ್ತಿರುವವರು. ಕಳೆದ ತಿಂಗಳು ಗಂಗಾವತಿಯ ಡಾಕ್ಟರು ಅವರ ಕಣ್ಣಿನ ಪೊರೆ ತೆಗೆಯಲು ಒಂದು ಸೋಮವಾರ ಗೊತ್ತುಮಾಡಿದರು. ಮೊಮ್ಮಗಳು ಹುಸೇನಬೀಗೆ ಹುಟ್ಟಲಿರುವ ಕೂಸಿನ ಕೌದಿಯನ್ನು ಅದರೊಳಗೇ ಮುಗಿಸಬೇಕೆಂದು ಅಮ್ಮ ಹಟ ಹಿಡಿದರು. “ಆಮ್ಯಾಲೆ ಕಣ್ಣು ಹೆಂಗಿರ್ತಾವೋ ಏನೋ ಯವ್ವಾ, ಇದ ಕಡೀದು ಅನ್ಕೋ” ಎಂದರು. ಆ ಮಾತು ನನ್ನನ್ನು ಚುಚ್ಚಿತು. ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆದು, ನಾಲ್ಕು ದಿನದ ಹೊಲಿಗೆಯನ್ನು ಎರಡು ನಿಮಿಷದ ಸಿನಿಮಾ ಮಾಡಿಕೊಡುತ್ತೇನೆಂದು ಒಪ್ಪಿಸಿದೆ. ಗುರುವಾರ ಕ್ಯಾಮೆರಾವನ್ನು ಅವರ ಮನೆಯ ಜಂತಿಗೆ ಕಟ್ಟಿದೆ. ಅಷ್ಟು ಎತ್ತರಕ್ಕೆ ಕೈ ಎಟುಕದ್ದರಿಂದ, ಮೊಬೈಲಿನಿಂದಲೇ ಅದನ್ನು ನಡೆಸುವ ಜವಾಬ್ದಾರಿಯನ್ನು ತಮಗೆ ವಹಿಸಿದೆ.

ಹತ್ತು ನಿಮಿಷ ತಾವು ಎಂಥ ನಿಷ್ಠೆಯಿಂದ ದುಡಿದಿರಿ! ಹನ್ನೊಂದನೆಯ ನಿಮಿಷಕ್ಕೆ ಹೊರಟುಹೋದಿರಿ. ‘ಸಾಧನವನ್ನು ಹತ್ತಿರ ತನ್ನಿ’ ಎಂದು ತಮ್ಮ ಅಪ್ಪಣೆಯಾಯಿತು. ಸ್ಟೂಲು ಹತ್ತಿ ಮೊಬೈಲನ್ನು ಕ್ಯಾಮೆರಾದ ಕೆನ್ನೆಗೆ ಒತ್ತಿ ನಿಂತೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಬಂದ್ ಮಾಡಿದೆ, ಪರದೆ ಮಲಗದಂತೆ ಕಾವಲು ಕುಳಿತೆ, ಪಕ್ಕದ ಮನೆಯ ವೈಫೈ ತಮ್ಮ ಮನಸ್ಸು ಕೆಡಿಸುತ್ತಿರಬಹುದೆಂದು ಅದನ್ನೂ ಮೊಬೈಲಿನಿಂದ ತೆಗೆದುಹಾಕಿದೆ, ತಮ್ಮನ್ನು ಅಳಿಸಿ ಶಾಸ್ತ್ರೋಕ್ತವಾಗಿ ಮತ್ತೆ ಪ್ರತಿಷ್ಠಾಪಿಸಿದೆ. ಇಷ್ಟು ಉಪಚಾರ ನಮ್ಮ ಕಡೆ ಹೊಸ ಅಳಿಯನಿಗೂ ನಡೆಯುವುದಿಲ್ಲ. ತಾವೋ ಪ್ರತಿ ಹನ್ನೊಂದನೆಯ ನಿಮಿಷವನ್ನೂ ತಪ್ಪದೆ ಪಾಲಿಸಿದಿರಿ.

ಶುಕ್ರವಾರ ಸಂಜೆ ನೋಡಿದರೆ ಕೌದಿ ಕಾಲುಭಾಗವೂ ಆಗಿರಲಿಲ್ಲ. ಕೇಳಿದಾಗ ಗೊತ್ತಾಯಿತು: ತಾವು ಹೋದಾಗಲೆಲ್ಲ ಅಮ್ಮ ಸೂಜಿ ಎತ್ತಿ ಹಿಡಿದು ಸುಮ್ಮನೆ ಕಾಯುತ್ತಿದ್ದರು.

“ನಿನ್ನ ಮಷಿನ್ ನಿಂತಾಗ ನಾ ಹೊಲದ್ರ ಆ ಹೊಲಿಗಿ ಚಿತ್ರದಾಗ ಬರಂಗಿಲ್ಲಲ್ಲ” ಎಂದರು.

“ಚಿತ್ರ ಹೋದ್ರ ಹೋಗ್ಲಿ, ನೀವು ಹೊಲೀರಿ ಅಮ್ಮಾ” ಎಂದೆ.

“ನನ್ನ ಕಣ್ಣು ಹೋದ್ರ, ನಾ ಹೆಂಗ ಹೊಲಿತಿದ್ದೆ ಅಂತ ಆ ಕೂಸಿಗೆ ಯಾರು ತೋರಸ್ತಾರ?”

ನನ್ನ ಹುಚ್ಚು ಆಸೆಗಾಗಿ ಅವರ ಎರಡು ದಿನ ಹಾಳಾಗಿತ್ತು. ನಾಚಿಕೆಯಿಂದ ಮನೆಗೆ ಬಂದು, ಕೊಂಡಾಗಿನಿಂದ ತೆರೆಯದಿದ್ದ ಕ್ಯಾಮೆರಾದ ಕೈಪಿಡಿ ತೆಗೆದೆ. ಮಾನ್ಯರೇ, ಅರ್ಧ ನಿಮಿಷ ಎಣಿಸಿ ತಾನೇ ಚಿತ್ರ ತೆಗೆಯುವ ವಿದ್ಯೆ ಕ್ಯಾಮೆರಾಕ್ಕೆ ಮೊದಲಿನಿಂದಲೂ ಬರುತ್ತಿತ್ತು! ತಮ್ಮಂಥ ದೊಡ್ಡವರ ಮುಂದೆ ಬಾಯಿ ಬಿಡಬಾರದೆಂದು ಪಾಪ ಸುಮ್ಮನಿತ್ತೇನೋ. ಶನಿವಾರ ಬೆಳಿಗ್ಗೆ ಸ್ಟೂಲು ಹತ್ತಿ ಅದಕ್ಕೆ ಲೆಕ್ಕ ಹೇಳಿಕೊಟ್ಟು, ತಮ್ಮನ್ನು ಗೌರವಪೂರ್ವಕವಾಗಿ ಬಂದ್ ಮಾಡಿದೆ.

ಆಮೇಲೆ ಅದು ಒಮ್ಮೆಯೂ ನಿಲ್ಲಲಿಲ್ಲ, ಅಮ್ಮನೂ ನಿಲ್ಲಲಿಲ್ಲ. ಕಣ್ಣು ಕಾಣದ ಕಡೆ ಬೆರಳಿನಿಂದ ತಡವಿ ತಡವಿ ಹೊಲಿದರು. ಭಾನುವಾರ ಹೊತ್ತು ಮುಳುಗುವಾಗ ಕೊನೆಯ ದಾರ ಹಲ್ಲಿನಿಂದ ಕಡಿದರು. ಸೋಮವಾರ ಪೊರೆ ತೆಗೆದರು.

ಎರಡು ವಾರದ ನಂತರ ಸಿನಿಮಾ ತೋರಿಸಿದೆ. ಅಮ್ಮ ಉಸಿರು ಬಿಗಿಹಿಡಿದು ನೋಡಿದರು. ನಾನು ಹೊಗಳಿಕೆಗಾಗಿ ಕಾದೆ. “ನಿಲ್ಲಸು, ನಿಲ್ಲಸು!” ಎಂದರು. “ಆ ಮೂಲ್ಯಾಗ ನಾಕು ಸಾಲು ಸೊಟ್ಟ ಬಿದ್ದಾವಲ್ಲ! ಇಷ್ಟು ದಿನ ಹಿಂಗ ಹೊಲಿದು ಮಂದಿಗೆ ಕೊಟ್ನೇನ? ಒಬ್ಬರರ ಹೇಳಬಾರದ?” ಅಷ್ಟಂದವರೇ ಕೌದಿ ತರಿಸಿ, ಆ ನಾಲ್ಕೂ ಸಾಲು ಬಿಚ್ಚಿ, ಯಾರನ್ನೂ ಕರೆಯದೆ ಸೂಜಿಗೆ ತಾವೇ ದಾರ ಪೋಣಿಸಿದರು. ಒಂದೇ ಸಲಕ್ಕೆ ದಾರ ಹೋಯಿತು.

ಆದ್ದರಿಂದ ತಮ್ಮ ಮೇಲೆ ನನಗೀಗ ಕೋಪವಿಲ್ಲ. ಬಿಡುವಾದಾಗ ಬಂದು, ಸೂಜಿ ಎತ್ತಿ ಹಿಡಿದು ಕಾಯುವುದನ್ನು ಅಮ್ಮನವರ ಬಳಿ ಒಂದು ಹನ್ನೆರಡು ನಿಮಿಷ ಕಲಿತು ಹೋಗಬೇಕಾಗಿ ವಿನಂತಿ.

ಸಂಪರ್ಕ ಕಡಿದರೂ ಗೌರವ ಕಡಿಯದ,
ತಮ್ಮ ವಿಶ್ವಾಸಿ,
ಭವಾನಿ

ತಾ.ಕ.: ತಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರೆಂದು ಮೊಬೈಲಿನಲ್ಲಿ ಕೇಳಿದ್ದೀರಿ. ಎರಡು ದಿನ ಹಾಡುಹಗಲೇ ನನಗೆ ನಕ್ಷತ್ರ ತೋರಿಸಿದವರು ತಾವು. ತಮ್ಮಲ್ಲೇ ಅಷ್ಟೊಂದಿರುವಾಗ ನಾನು ಕೊಡುವುದೇನಿದೆ?