ಹೆಚ್ಚಿಗೆ ಬಂದ ಒಬ್ಬರು

ಬೆಲೆ ಹೇಳುವಾಗ ನನ್ನ ದನಿ ಸಣ್ಣದಾಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷದಿಂದ ಬೀಜದ ಅಂಗಡಿ ನಡೆಸುತ್ತಿರುವವನು ಹೀಗೆಂದರೆ ಯಾರೂ ನಂಬುವುದಿಲ್ಲ. ಆದರೆ ಅಂಗಡಿಯಲ್ಲಿ ನನಗೆ ಪಾಕೀಟಿನ ಆಸರೆ ಇದೆ. ಬೆಲೆಯನ್ನು ಕಂಪನಿಯವರೇ ಅದರ ಮೇಲೆ ಅಚ್ಚು ಹಾಕಿ ಕಳಿಸುತ್ತಾರೆ. ರೈತರು ಕೇಳಿದರೆ ನಾನು ಬಾಯಿ ತೆರೆಯದೆ ಬೆರಳು ತೋರಿಸಿದರೆ ಮುಗಿಯಿತು. ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳ ಮೇಲೆ ಯಾರೂ ಏನನ್ನೂ ಅಚ್ಚು ಹಾಕಿಲ್ಲ. ಅವುಗಳ ಬಾಡಿಗೆಯನ್ನು ನಾನೇ, ಎದುರಿಗೆ ನಿಂತವರ ಮುಖ ನೋಡಿಕೊಂಡು ಹೇಳಬೇಕು. ಅಷ್ಟರಲ್ಲಿ ಅವರು ದೂರದಿಂದ ಬಂದಿದ್ದಾರೆ, ದಣಿದಿದ್ದಾರೆ, ಕೂಸು ಅಳುತ್ತಿದೆ ಎಂಬುದೆಲ್ಲ ಕಣ್ಣಿಗೆ ಬಿದ್ದು, ಎರಡು ಸಾವಿರ ಎಂದು ಹೊರಟ ಮಾತು ತುಟಿಗೆ ಬರುವ ಹೊತ್ತಿಗೆ ಸಾವಿರದ ಐನೂರಾಗಿರುತ್ತದೆ.

ಆ ಕೋಣೆಗಳಲ್ಲಿ ಮೊದಲು ನನ್ನ ಹೆಂಡತಿ ಗಿರಿಜಾ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಕಿಡ್ನಿಯ ಕಾಯಿಲೆ ಬಂದು ಮೆಟ್ಟಿಲು ಹತ್ತುವುದು ಆಗದಾದಾಗ, ಮಷೀನುಗಳನ್ನು ಮಾರಿ ಮಂಚ ಹಾಕಿಸಿ, ಬಂದುಹೋಗುವವರಿಗೆ ದಿನದ ಬಾಡಿಗೆಗೆ ಕೊಡೋಣ ಎಂದವಳೂ ಅವಳೇ. ಹಾವೇರಿಯಲ್ಲಿ ಶಾಲೆ ಟೀಚರಾಗಿರುವ ಮಗಳು ಸುಧಾ ಫೋಟೋ ತೆಗೆದು ಆ್ಯಪಿಗೆ ಹಾಕಿದಳು. ಫೋನು ಬಂದರೆ ಗಿರಿಜಾ ಕೆಳಗಿನ ಕೋಣೆಯಲ್ಲಿ ಮಲಗಿಕೊಂಡೇ ಮಾತಾಡುತ್ತಿದ್ದಳು. ಅತಿಥಿಗಳು "ನಾಲ್ಕು ಮಂದಿ" ಅಂದರೆ ನಾಲ್ಕು, "ನಾಲ್ಕೇ ಮಂದಿ" ಅಂದರೆ ಆರು, "ನಾಲ್ಕೇ ನಾಲ್ಕು ಮಂದಿ" ಅಂದರೆ ಏಳಕ್ಕೆ ಕಡಿಮೆಯಿಲ್ಲ ಎಂಬುದು ಅವಳ ಲೆಕ್ಕ. ಅದು ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಲಿಲ್ಲ. ಡಯಾಲಿಸಿಸ್ಸಿಗೆ ಹೋಗುವ ದಿನವೂ ಕಾರಿನಲ್ಲಿ ಕೂತು, ಯಾರಿಗೋ ಇನ್ನೂರು ರೂಪಾಯಿ ಬಿಡುವುದಿಲ್ಲ ಎಂದು ನಗುನಗುತ್ತ ಹೇಳುತ್ತಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಹದಿನೈದು ದಿನ ಬಿಟ್ಟು ಅವಳ ಫೋನು ಮತ್ತೆ ಹೊಡೆದುಕೊಂಡಿತು; ಯಾರೋ ಕೋಣೆ ಕೇಳುತ್ತಿದ್ದರು. ಎತ್ತಿದವನು ನಾನು. ಅಂದಿನಿಂದ ಈ ಉದ್ಯೋಗ ನನ್ನ ಕೊರಳಿಗೆ ಬಿದ್ದಿದೆ.

ನನ್ನ ಕೈಯಲ್ಲಿ ಅದು ಹೇಗೆ ನಡೆಯಿತು ಎಂದು ಹೇಳಲು ನಾಚಿಕೆ. ಊರ ಹತ್ತಿರದ ಅಭಯಾರಣ್ಯಕ್ಕೆ ಕೃಷ್ಣಮೃಗ ನೋಡಲು ಬಂದವರೊಬ್ಬರು ಎರಡು ದಿನ ಅಲೆದರೂ ಒಂದೂ ಕಾಣಲಿಲ್ಲವೆಂದು ಬಾಡಿಗೆಯಲ್ಲಿ ಮುನ್ನೂರು ಮುರಿದುಕೊಂಡರು. ಬ್ಯಾಡಗಿಗೆ ಮೆಣಸಿನಕಾಯಿ ವ್ಯಾಪಾರಕ್ಕೆ ಬಂದ ಇನ್ನೊಬ್ಬರು, ತಾವು ಸ್ನಾನವನ್ನೇ ಮಾಡಿಲ್ಲವಾದ್ದರಿಂದ ಬಿಸಿನೀರಿನ ದುಡ್ಡು ಬಿಡಬೇಕು ಎಂದರು. ಮೃಗ ನನ್ನದಲ್ಲ, ಸ್ನಾನವೂ ನನ್ನದಲ್ಲ; ಎರಡಕ್ಕೂ ದುಡ್ಡು ಬಿಟ್ಟವನು ಮಾತ್ರ ನಾನು. ತಿಂಗಳ ಕೊನೆಗೆ ಬಂದು ನೋಡಿದ ಸುಧಾ, "ಅಪ್ಪಾ, ನೀ ಬಾಡಿಗಿ ಕೊಡಾಕತ್ತಿಯೋ, ಛತ್ರ ನಡಸಾಕತ್ತಿಯೋ?" ಎಂದು ಕೇಳಿದಳು. ಕೇಳಿದ್ದಷ್ಟೇ ಅಲ್ಲ, ಮೇಲಿನ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದಳು: ನಾಲ್ವರಿಗಿಂತ ಹೆಚ್ಚಿದ್ದರೆ ತಲೆಗೆ ಮುನ್ನೂರು, ಚೌಕಾಸಿ ಇಲ್ಲ. "ಅವ್ವ ಇದ್ದಿದ್ರ ಹಿಂಗ ಬಿಡತಿದ್ಲೇನು?" ಎಂದೂ ಕೇಳಿದಳು. ಆ ಮಾತು ತಾಕಿತು. ಮುಂದೆ ಯಾರೇ ಬರಲಿ, ಒಂದು ರೂಪಾಯಿಯನ್ನೂ ಬಿಡಬಾರದೆಂದು ನಿಶ್ಚಯಿಸಿದೆ.

ಆಮೇಲೆ ಬಂದವರು ವಿಜಯಪುರದ ಕಡೆಯವರು. ಬುಕ್ ಮಾಡಿದ್ದು ಪ್ರವೀಣ ಎಂಬ ಹುಡುಗನ ಹೆಸರಿನಲ್ಲಿ, ಫೋನಿನಲ್ಲಿ ಮಾತಾಡಿದ್ದು ಅವನ ತಂದೆ ಚನ್ನಪ್ಪನವರು. ಮರುದಿನ ಬೆಳಿಗ್ಗೆ ಬ್ಯಾಡಗಿಯಲ್ಲಿ ಪ್ರವೀಣನಿಗೆ ಕನ್ಯಾ ನೋಡುವುದಿತ್ತು. "ನಾಲ್ಕೇ ನಾಲ್ಕು ಮಂದಿರಿ" ಎಂದಿದ್ದರು. ಸಂಜೆ ಕಾರಿನಿಂದ ಏಳು ಮಂದಿ ಇಳಿದರು: ತಂದೆ, ಮಗ, ಚನ್ನಪ್ಪನವರ ತಮ್ಮ, ತಮ್ಮನ ಹೆಂಡತಿ, ಅವರ ಸಣ್ಣ ಹುಡುಗಿ, ಸಂಬಂಧ ತೋರಿಸಿದ ಒಬ್ಬ ಹಿರಿಯರು, ಕೊನೆಗೆ ಕೈಚೀಲ ಹಿಡಿದ ಒಬ್ಬ ವಯಸ್ಸಾದ ಹೆಂಗಸು. ನಾನು ಅವರನ್ನು ಮೇಲೆ ಕರೆದೊಯ್ದು ಬಾಗಿಲಿನ ಕಾಗದಕ್ಕೆ ಬೆರಳು ತೋರಿಸಿದೆ. ಚನ್ನಪ್ಪನವರು ಅದನ್ನು ಗೌರವದಿಂದ ಓದಿ ಚೌಕಾಸಿಗೆ ಇಳಿದರು. ಹುಡುಗಿಗೆ ಆರೇ ವರ್ಷ, ಅದು ತಾಯಿಯ ಮಗ್ಗುಲಲ್ಲೇ ಮಲಗುತ್ತದೆ; ಒಪ್ಪಿದೆ. ಹಿರಿಯರಿಗೆ ಇದೇ ಊರಲ್ಲಿ ಬೀಗರ ಮನೆಯಿದೆ, ಅವರು ಅಲ್ಲಿಗೆ ಹೋಗುತ್ತಾರೆ, ಒಪ್ಪಿದೆ. ಉಳಿದವರು ಒಬ್ಬರು, ಆ ವಯಸ್ಸಾದ ಹೆಂಗಸು.

"ಈಕಿ ನಮ್ಮ ಅಕ್ಕರಿ, ನೀಲವ್ವ," ಎಂದರು ಚನ್ನಪ್ಪನವರು. "ಮುದುಕಿ, ಒಂದು ಮೂಲ್ಯಾಗ ಬಿದ್ದಿರ್ತಾಳ. ಈಕೀದೇನು ಲೆಕ್ಕ? ಬಸ್ಸಿನ್ಯಾಗ ಸುದ್ದಾ ಈಕಿಗೆ ಟಿಕೀಟಿಲ್ಲ."

"ಮಂದಿ ಅಂದ ಮ್ಯಾಲೆ ಮಂದಿನರಿ," ಎಂದೆ. ಇಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ. ಅವರು ಇನ್ನೂರು ಎಂದರು, ನೂರೈವತ್ತು ಎಂದರು, ಊಟಕ್ಕೂ ಏಳುವುದಿಲ್ಲ ಅವಳು ಎಂದರು. ನಾನು ಬಗ್ಗಲಿಲ್ಲ. ನೀಲವ್ವ ಅಷ್ಟು ಹೊತ್ತೂ ಪಕ್ಕದಲ್ಲೇ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದಳು. ಕೊನೆಗೆ ಮುನ್ನೂರು ಬಂತು. ಕೂಡಲೇ ಸುಧಾಗೆ ಫೋನು ಮಾಡಿ ಹೇಳಿಕೊಂಡೆ. "ಶಾಬಾಸ್ ಅಪ್ಪಾ" ಎಂದಳು. ಆ ದಿನ ಎರಡು ರೊಟ್ಟಿ ಹೆಚ್ಚಿಗೇ ಉಂಡೆ.

ಬೆಳಗಾಗುತ್ತಲೇ ಹಾಲು ತರಲು ಗೇಟು ತೆಗೆದವನು ನೋಡುತ್ತೇನೆ, ನೀಲವ್ವ ಕಾರಿನ ಹಿಂದಿನ ಸೀಟಿನಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಯಾಕೆಂದು ಕೇಳಿದರೆ, ಫ್ಯಾನಿನ ಗಾಳಿ ಆಗಿಬರುವುದಿಲ್ಲ ಎಂದಳು. ನಾನು ಅಲ್ಲೇ ನಿಂತಿದ್ದರಿಂದ, "ನನ್ನ ಸಲುವಾಗಿ ಅಷ್ಟು ಮಾತು ಬ್ಯಾಡಾಗಿತ್ತರಿ" ಎಂದು ಸೇರಿಸಿದಳು. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಚನ್ನಪ್ಪನವರು ಹಲ್ಲುಜ್ಜುತ್ತ ಇಳಿದುಬಂದು, ಅಕ್ಕ ಒಳಗೆ ಮಲಗಿಯೇ ಇಲ್ಲವಾದ್ದರಿಂದ ಆ ಮುನ್ನೂರನ್ನು ವಾಪಸು ಕೊಡುವುದು ನ್ಯಾಯ ಎಂದರು. ಅಂಗಿಯ ಕಿಸೆಯಿಂದ ತೆಗೆದು ಕೊಟ್ಟುಬಿಟ್ಟೆ.

ಎಂಟೂವರೆಗೆ ಎಲ್ಲರೂ ಹೊಸ ಬಟ್ಟೆ ಉಟ್ಟು ಹೊರಟರು. ನೀಲವ್ವನೂ ಇಳಕಲ್ಲ ಸೀರೆ ಉಟ್ಟು ನಿಂತಿದ್ದಳು. ಕಾರಿನಲ್ಲಿ ಸೀಟು ಸಾಲುವುದಿಲ್ಲ, ಅಕ್ಕ ಇಲ್ಲೇ ಇರಲಿ ಎಂದರು ಚನ್ನಪ್ಪನವರು. ನಿನ್ನೆ ಅದೇ ಕಾರಿನಲ್ಲಿ ಏಳು ಮಂದಿ ಬಂದದ್ದನ್ನು ಎಣಿಸಿದವನು ನಾನೇ. ಪ್ರವೀಣ ಸ್ಟೀರಿಂಗ್ ಹಿಡಿದು ಒಮ್ಮೆ ಹೊರಳಿ ನೋಡಿದ. "ಹೋಗಿ ಬಾ ಅಪ್ಪಿ" ಎಂದಳು ಅವಳು. ಕಾರು ಹೋಯಿತು.

ಚಹಾ ಕುಡಿಯಲು ಒಳಗೆ ಕರೆದೆ. ನಾನು ಚಹಾಪುಡಿ ಹಾಕುವ ರೀತಿ ನೋಡಿ ಅವಳೇ ಎದ್ದು ಬಂದು ಪಾತ್ರೆ ತೆಗೆದುಕೊಂಡಳು. ಗಿರಿಜಾ ಹೋದ ಮೇಲೆ ಆ ಒಲೆಯ ಮುಂದೆ ನನ್ನನ್ನೂ ಸುಧಾಳನ್ನೂ ಬಿಟ್ಟು ಯಾರೂ ನಿಂತಿರಲಿಲ್ಲ. ಏಲಕ್ಕಿ ಎಲ್ಲಿದೆ ಎಂದು ಕೇಳಿದಳು, ನನಗೆ ಗೊತ್ತಿರಲಿಲ್ಲ. ಅವಳು ಎರಡನೆಯ ಡಬ್ಬಿಯಲ್ಲೇ ಹುಡುಕಿ ತೆಗೆದಳು. ಚಹಾ ಕುಡಿಯುತ್ತ ತನ್ನ ಸುದ್ದಿ ಹೇಳಿದಳು. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತಮ್ಮ ಚನ್ನಪ್ಪನ ಮನೆಗೆ ಬಂದವಳು. ಪ್ರವೀಣನನ್ನು ಹಡೆದ ಆರು ತಿಂಗಳಿಗೆ ಅವನ ತಾಯಿ ತೀರಿಕೊಂಡಳು. ಅಂದಿನಿಂದ ಅವನಿಗೆ ಹಾಲು ಕುಡಿಸಿದ್ದು, ಜ್ವರ ಬಂದರೆ ಎದ್ದು ಕೂತದ್ದು, ಕಾಲೇಜಿಗೆ ಬುತ್ತಿ ಕಟ್ಟಿದ್ದು ಎಲ್ಲ ಇವಳೇ.

"ಗಂಡ ಸತ್ತಾಕಿ ಕನ್ಯಾ ನೋಡೂ ಹೊತ್ತಿನ್ಯಾಗ ಮುಂದಿದ್ರ ಛಲೋ ಅಲ್ಲಂತರಿ. ಇರಲಿ, ಹುಡುಗನ ಒಳ್ಳೇದಕ್ಕ," ಎಂದಳು.

ನಿನ್ನೆಯ ಮಾತಿಗೆ ಕ್ಷಮೆ ಕೇಳಿದೆ. "ನೀವು ಎಣಿಸಿದ್ರಿ, ಅದರಾಗ ತಪ್ಪೇನದ? ಅವ ನೂರೈವತ್ತಕ್ಕ ಇಳಿಸಿದಾಗ ಮಾತ್ರ..." ಎಂದವಳು ಮಾತು ಮುಗಿಸದೆ ಕಪ್ಪು ತೊಳೆಯಲು ಎದ್ದಳು. ಆಮೇಲೆ ಹತ್ತಿರದಲ್ಲಿ ದೇವರು ಯಾವುದಿದೆ ಎಂದು ಕೇಳಿದಳು. ಹುಡುಗನ ಕಾರ್ಯ ಕೂಡಲಿ ಎಂದು ಒಂದು ಕಾಯಿ ಒಡೆಸಬೇಕಿತ್ತು. ಕದರಮಂಡಲಗಿ ಹಣಮಪ್ಪ ಇದ್ದಾನೆ, ನಾನೇ ಕರೆದೊಯ್ಯುತ್ತೇನೆ ಎಂದೆ. ಅಂಗಡಿಯ ಕಡೆ ಹೋಗದೆ ಸ್ಕೂಟರ್ ತೆಗೆದೆ. ದಾರಿಯಲ್ಲಿ ಮುಂದೊಂದು ಮೆಣಸಿನಕಾಯಿ ಲಾರಿ ಸಿಕ್ಕು ಇಬ್ಬರೂ ಎರಡು ಮೈಲಿ ಸೀನುತ್ತಲೇ ಹೋದೆವು. ಸೀನು ನಿಂತ ಮೇಲೆ ಅವಳು ಒಮ್ಮೆ ನಕ್ಕದ್ದು ಬೆನ್ನ ಹಿಂದೆ ಕೇಳಿಸಿತು.

ಕಾಯಿ ಒಡೆಸಿ, ಪ್ರದಕ್ಷಿಣೆ ಮುಗಿಸಿ ಹೊರಗೆ ಬರುತ್ತಿದ್ದಾಗ ಎದುರಿಗೆ ಅವರೆಲ್ಲ ಬರುತ್ತಿದ್ದರು. ಮಾತು ಕೂಡಿತ್ತು. ಹುಡುಗಿಯ ಮನೆಯವರು, ಇಲ್ಲಿಯವರೆಗೆ ಬಂದವರು ಹಣಮಪ್ಪನ ದರ್ಶನ ಮಾಡದೆ ಹೋಗಬಾರದೆಂದು ಕರೆತಂದಿದ್ದರು. ಪ್ರವೀಣನ ಪಕ್ಕದಲ್ಲಿ ಹುಡುಗಿ, ಹಸಿರು ಸೀರೆ, ತಲೆತುಂಬ ಹೂವು. ನೀಲವ್ವ ತನಗೇ ಗೊತ್ತಿಲ್ಲದೆ ಎರಡು ಹೆಜ್ಜೆ ಮುಂದೆ ಹೋದಳು. ಹುಡುಗಿಯ ತಾಯಿ ಅದನ್ನು ನೋಡಿ, "ಇವರು ಯಾರ್ರಿ?" ಎಂದು ಸಹಜವಾಗಿ ಕೇಳಿದರು. ಚನ್ನಪ್ಪನವರು ಗುಡಿಯ ಗೋಪುರ ನೋಡಿದರು. ಅವರ ತಮ್ಮನ ಹೆಂಡತಿ ಮಗಳ ಜಡೆ ಸರಿಮಾಡತೊಡಗಿದಳು. ಪ್ರವೀಣ ನೀಲವ್ವನ ಮುಖ ನೋಡಿದ. ಆ ಮೌನವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ನಮ್ಮ ಅಕ್ಕಾರ್ರಿ," ಎಂದುಬಿಟ್ಟೆ. "ನಾನು ರಾಣೆಬೆನ್ನೂರಾಂವ, ಇವರೆಲ್ಲ ಉಳಕೊಂಡಿದ್ದು ನಮ್ಮ ಮನ್ಯಾಗ. ಅಕ್ಕನ್ನ ದರ್ಶನಕ್ಕ ಕರಕೊಂಡು ಬಂದಿದ್ದೆ."

"ಛಲೋ ಆತ್ರಿ" ಎಂದರು ಆ ತಾಯಿ. ಹುಡುಗಿ ಮಾತ್ರ ಹಿರಿಯರೊಬ್ಬರು ಎದುರಿಗಿದ್ದಾರೆಂದು ಬಗ್ಗಿ ನೀಲವ್ವನ ಕಾಲು ಮುಟ್ಟಿದಳು. ನೀಲವ್ವ ಅವಳ ತಲೆಯ ಮೇಲೆ ಕೈಯಿಟ್ಟಳು, ಸ್ವಲ್ಪ ಹೊತ್ತು ತೆಗೆಯಲಿಲ್ಲ. ಆಮೇಲೆ ಅವರೆಲ್ಲ ಒಳಗೆ ಹೋದರು, ನಾವು ಸ್ಕೂಟರಿನ ಕಡೆ ಬಂದೆವು. ಒಂದು ಸಂಸಾರದ ಮಾನ ಉಳಿಸಿದೆನೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

ಅರ್ಧ ದಾರಿಯಲ್ಲಿ ನೀರು ಕುಡಿಯಲು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅವಳು ಬಾಟಲಿಯನ್ನು ಕೈಯಲ್ಲೇ ಹಿಡಿದು, ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಕರೆದವಳು, "ತಮ್ಮಾ, ನೀ ಅವಸರ ಮಾಡಿದಿ" ಎಂದಳು.

"ಯಾಕ್ರಿ ಅಕ್ಕಾರ?"

"ಹುಡುಗ ಬಾಯಿ ತಗ್ಯಾಕತ್ತಿದ್ದ. ನಮ್ಮತ್ತಿ ಅಂತ ಹೇಳಾಂವಿದ್ದ. ಇನ್ನೊಂದು ಕ್ಷಣ ನೀ ಸುಮ್ಮನಿರಬೇಕಿತ್ತು."

ನಾನು ಪ್ರವೀಣನ ಎದುರಿಗೇ ನಿಂತಿದ್ದೆ. ಅವನ ತುಟಿ ಬಿಗಿಯಾಗಿ ಮುಚ್ಚಿದ್ದನ್ನು ಚೆನ್ನಾಗಿ ನೋಡಿದ್ದೆ. ಅದನ್ನು ಹೇಳಬಹುದಿತ್ತು. "ಹೌದ್ರಿ ಅಕ್ಕಾರ, ಅವಸರ ಮಾಡಿದೆ. ತಪ್ಪು ನಂದ" ಎಂದೆ. ಅವಳು ತಲೆಯಾಡಿಸಿ ನೀರು ಕುಡಿದಳು.

ಮಧ್ಯಾಹ್ನ ಅವರು ಬಂದು ಸಾಮಾನು ಕಟ್ಟಿಕೊಂಡು ಹೊರಟರು. ನೀಲವ್ವನ ಚೀಲವನ್ನು ಪ್ರವೀಣನೇ ಎತ್ತಿ ಕಾರಿನಲ್ಲಿಟ್ಟ. ನನ್ನ ಕಡೆ ನೋಡಲಿಲ್ಲ. ಚನ್ನಪ್ಪನವರು ಮಾತ್ರ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ದೊಡ್ಡ ಉಪಕಾರ ಮಾಡಿದ್ರಿ" ಎಂದರು. ಆ ಉಪಕಾರ ನನಗೆ ಅರಗಲಿಲ್ಲ.

ಮುಂದಿನ ಭಾನುವಾರ ಸುಧಾ ಬಂದಾಗ ಆ್ಯಪಿನಲ್ಲಿ ಹೊಸದಾಗಿ ಬಂದ ಅಭಿಪ್ರಾಯವನ್ನು ಓದಿ ಹೇಳಿದಳು. ಬರೆದವನು ಪ್ರವೀಣ. ಐದರಲ್ಲಿ ಮೂರು ಸ್ಟಾರ್ ಕೊಟ್ಟಿದ್ದ. ಕೋಣೆ ಸ್ವಚ್ಛವಾಗಿದೆ, ನೀರು ಚೆನ್ನಾಗಿ ಬರುತ್ತದೆ, ಆದರೆ ಬೇರೆಯವರು ಮಾತಾಡುವ ಮೊದಲೇ ಮಾಲೀಕರು ನಡುವೆ ಬಾಯಿ ಹಾಕುತ್ತಾರೆ ಎಂದು ಬರೆದಿದ್ದ. ಮಗಳಿಗೆ ಸಿಟ್ಟು ಬಂತು. ಇಂಥದ್ದಕ್ಕೆ ಉತ್ತರ ಕೊಡದಿದ್ದರೆ ಬುಕಿಂಗ್ ಕಡಿಮೆಯಾಗುತ್ತದೆ, ಏನು ಬರೆಯಲಿ ಹೇಳು ಎಂದು ಫೋನು ಹಿಡಿದು ಕೂತಳು. ಅವನ ತುಟಿ ಮುಚ್ಚಿತ್ತೆಂದು ನಾನು ಅಲ್ಲಿಯವರೆಗೂ ಆಣೆ ಮಾಡಿ ಹೇಳಬಲ್ಲವನಾಗಿದ್ದೆ. ಈಗ ನನಗೆ ಗೊತ್ತಿಲ್ಲ. "ಏನೂ ಬರೀಬ್ಯಾಡ, ಹುಡುಗ ಖರೇನ ಬರದಾನ" ಎಂದೆ. ಆದರೂ ಮೂರು ಸ್ಟಾರನ್ನು ಅವನು ಯಾವ ಲೆಕ್ಕದಲ್ಲಿ ಕೊಟ್ಟನೋ. ನಾನಾಗಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.